ಅಲುಗಿಸಿ ನೋಡುವವರ ಊರಿನಲ್ಲಿ

ಬೆಳಿಗ್ಗೆ ಎಂಟೂವರೆ ಗಂಟೆ. ಆಕಾಶ ನಿರ್ಮಲ, ಗಾಳಿ ಇಲ್ಲ, ಬಿಸಿಲು ಆಗಲೇ ಹೆಂಚಿನಿಂದ ಅಂಗಳಕ್ಕೆ ಇಳಿದಿತ್ತು. ಹಾಜರಿದ್ದವರು: ನೆರೆಮನೆಯ ಯಜಮಾನರು, ಅವರ ಪತ್ನಿ, ನಾನು, ಮತ್ತು ಮುಚ್ಚಳ ತೆಗೆಯದ ಒಂದು ಬಣ್ಣದ ಡಬ್ಬ. ಯಜಮಾನರು ಡಬ್ಬವನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಿದ್ದರು.

ಇಂಥ ಪ್ರಸಂಗಗಳು ನಮ್ಮ ತಿಪಟೂರಿನಲ್ಲಿ ಮುಗಿಯುವುದಿಲ್ಲ. ಮುಗಿಯುವುದಕ್ಕೆ ಕಾರಣವೂ ಇಲ್ಲ. ಇಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡಿತೇ ಎಂದು ತಿಳಿಯಲು ಇರುವುದು ಒಂದೇ ಪರೀಕ್ಷೆ: ಕಿವಿಯ ಬಳಿ ಹಿಡಿದು ಅಲುಗಿಸುವುದು. ಲೊಡಲೊಡ ಎಂದರೆ ಆಯಿತು, ಸದ್ದಿಲ್ಲದಿದ್ದರೆ ಆಗಿಲ್ಲ. ಕೊಬ್ಬರಿಯ ಮಟ್ಟಿಗೆ ಈ ಪರೀಕ್ಷೆಯಲ್ಲಿ ದೋಷ ಹುಡುಕಲು ನನಗೆ ಸಾಧ್ಯವಾಗಿಲ್ಲ. ಆದರೆ ನಮ್ಮವರು ಅದನ್ನು ಅಲ್ಲಿಗೆ ನಿಲ್ಲಿಸುವುದಿಲ್ಲ. ಗ್ಯಾಸ್ ಸಿಲಿಂಡರ್, ಔಷಧದ ಬಾಟಲಿ, ಕೊರಿಯರಿನಲ್ಲಿ ಬಂದ ಪೆಟ್ಟಿಗೆ, ಎಲ್ಲವೂ ಕಿವಿಯ ಬಳಿಗೆ ಹೋಗುತ್ತವೆ.

ತೊಂದರೆ ಏನೆಂದರೆ, ಲೋಕದಲ್ಲಿ ಅಲುಗಾಟವನ್ನು ಸಹಿಸದ ಕೆಲವು ಪದಾರ್ಥಗಳಿವೆ. ಸುಮ್ಮನೆ ಬಿಟ್ಟರೆ ಹೆಪ್ಪುಗಟ್ಟಿ ನಿಲ್ಲುತ್ತವೆ, ಅಲುಗಿಸಿದರೆ ಹರಿಯುತ್ತವೆ, ಮತ್ತೆ ಸುಮ್ಮನೆ ಬಿಟ್ಟರೆ ಮತ್ತೆ ಹೆಪ್ಪುಗಟ್ಟುತ್ತವೆ. ಪಾಠದ ಭಾಷೆಯಲ್ಲಿ ಈ ಗುಣಕ್ಕೆ ಥಿಕ್ಸೊಟ್ರೊಪಿ ಎಂದು ಹೆಸರು. ಮೊಸರಿನ ಉದಾಹರಣೆ ಇಲ್ಲಿ ನಡೆಯದು. ಕಡೆದ ಮಜ್ಜಿಗೆ ಎಷ್ಟು ಹೊತ್ತು ಕಾದರೂ ಮತ್ತೆ ಮೊಸರಾಗುವುದಿಲ್ಲ, ಇವು ಆಗುತ್ತವೆ. ಪಾಲಿಟೆಕ್ನಿಕ್‌ನ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ನಿವೃತ್ತಿಯವರೆಗೆ ಇದನ್ನೇ ಬೋಧಿಸಿದವಳು ನಾನು. ಆದ್ದರಿಂದ ನೆರೆಮನೆಯಲ್ಲಿ ಏನು ಹೆಪ್ಪುಗಟ್ಟಿದರೂ ನನಗೆ ಕರೆ ಬರುತ್ತದೆ.

ಈ ಬಾರಿ ವಿಷಯ ಸಣ್ಣದಾಗಿರಲಿಲ್ಲ. ಯಜಮಾನರ ಮಗಳಿಗೆ ಚೊಚ್ಚಲ ಹೆರಿಗೆಯಾಗಿತ್ತು. ನಾಮಕರಣ ತಮ್ಮ ಮನೆಯಲ್ಲೇ ಆಗಬೇಕೆಂಬುದು ಅವರ ಹಟ. ನಡುಮನೆಯನ್ನು ತಾವೇ ಸ್ವತಃ ಸಿದ್ಧಪಡಿಸುವುದಾಗಿ ಮಾತನ್ನೂ ಕೊಟ್ಟಿದ್ದರು. ಪತ್ನಿಗೆ ನಂಬಿಕೆ ಬರಲಿಲ್ಲ. ತುರುವೇಕೆರೆಯಲ್ಲಿರುವ ತಮ್ಮನ ಮನೆ ಥಳಥಳ ಹೊಳೆಯುತ್ತಿದೆ, ಅಲ್ಲೇ ಮಾಡಿದರಾಯಿತು ಎಂದರು. ಕೊನೆಗೆ ಒಪ್ಪಂದವಾಯಿತು: ಕೆಲಸ ಮುಗಿದ ಮೇಲೆ ತಮ್ಮ ಬಂದು ನೋಡುವುದು, ಅವನ ವರದಿ ಕೇಳಿ ಅಕ್ಕ ತೀರ್ಮಾನಿಸುವುದು.

ಸದ್ದು ಮಾಡದ ಬಣ್ಣ

ಆ ಡಬ್ಬದಲ್ಲಿದ್ದುದು ಸೂರಿಗೆ ಬಳಿಯುವ, ತೊಟ್ಟಿಕ್ಕದ ಬಣ್ಣ. ಡಬ್ಬದಲ್ಲಿ ಅದು ಗಟ್ಟಿಯಾಗಿರಬೇಕು. ಕುಂಚದ ಒತ್ತಡಕ್ಕೆ ಮಾತ್ರ ಹರಿದು, ಸೂರಿಗೆ ಹತ್ತಿದ ಕೂಡಲೇ ಮತ್ತೆ ಬಿಗಿಯಬೇಕು. ಕಲಕಬಾರದೆಂದು ಅಂಗಡಿಯ ಭಾಯಿ ಮೊದಲೇ ಎಚ್ಚರಿಸಿದ್ದರಂತೆ. ಕಲಕಬಾರದೆಂದರೆ ಅಲುಗಿಸಬಾರದೆಂದೂ ಆಯಿತಲ್ಲ ಎಂದು ನಾನು ಹೇಳುವಷ್ಟರಲ್ಲಿ ಯಜಮಾನರು ತೀರ್ಮಾನಕ್ಕೆ ಬಂದಿದ್ದರು.

"ಸದ್ದೇ ಇಲ್ಲ ಕಣ್ರೀ ಮೇಡಂ. ಹಳೇ ಮಾಲು. ಒಳಗೇ ಕಟ್ಕೊಂಡೈತೆ."

ಡಬ್ಬವನ್ನು ಸ್ಕೂಟರಿನ ಹಿಂದೆ ಕಟ್ಟಿ ಅಂಗಡಿಗೆ ಹೊರಟರು. ನಮ್ಮ ಬೀದಿಯಿಂದ ಪೇಟೆಯವರೆಗಿನ ರಸ್ತೆ ಹೇಗಿದೆಯೆಂದು ಊರಿನವರಿಗೆ ವಿವರಿಸಬೇಕಾಗಿಲ್ಲ. ಭಾಯಿ ಮುಚ್ಚಳ ತೆಗೆದಾಗ ಒಳಗೆ ಬಣ್ಣ ಹಾಲಿನಂತೆ ತುಳುಕುತ್ತಿತ್ತು. ಎಲ್ಲಿ ಕಟ್ಟಿದೆ ತೋರಿಸಿ ಎಂದು ಭಾಯಿ ಕೇಳಿದರಂತೆ. ಯಜಮಾನರು ತೋರಿಸಲಾರದೆ ಡಬ್ಬವನ್ನು ಹಿಂದಕ್ಕೆ ತಂದರು, ಮತ್ತೆ ಅದೇ ರಸ್ತೆಯಲ್ಲಿ.

ಮುಚ್ಚಿಟ್ಟು ಸಂಜೆಯವರೆಗೆ ಮುಟ್ಟಬೇಡಿ ಎಂದು ಸೂಚಿಸಿದೆ. ಬಣ್ಣ ಈಗಷ್ಟೇ ಹದಕ್ಕೆ ಬಂದಿದೆ, ಈಗಲೇ ಬಳಿಯಬೇಕು ಎಂದು ಅವರು ಏಣಿ ಹತ್ತಿದರು. ಸೂರಿಗೆ ಬಳಿದ ಬಣ್ಣದಲ್ಲಿ ಒಂದು ಪಾಲು ಸೂರಿನಲ್ಲಿ ಉಳಿಯಿತು. ಮಿಕ್ಕದ್ದು ಅವರ ಕನ್ನಡಕದ ಮೇಲೆ, ಭುಜದ ಮೇಲೆ, ಏಣಿ ಹಿಡಿದಿದ್ದ ಪತ್ನಿಯ ತಲೆಯ ಮೇಲೆ ಕ್ರಮವಾಗಿ ಇಳಿಯಿತು.

ಮರುದಿನ ಬೆಳಿಗ್ಗೆ ಡಬ್ಬ ತೆರೆದರೆ ಉಳಿದ ಬಣ್ಣ ಮತ್ತೆ ಗಟ್ಟಿಯಾಗಿತ್ತು. ಯಜಮಾನರು ನನ್ನನ್ನು ಬೇಲಿಯ ಬಳಿ ಕರೆದು, ದನಿ ತಗ್ಗಿಸಿ ಹೇಳಿದರು: "ಯಾರೋ ನಮ್ಮ ಡಬ್ಬ ಬದ್ಲಾಯಿಸವ್ರೆ, ಮೇಡಂ."

ತಲೆಕೆಳಗಾದ ಜಾಡಿ

ಅವರಿಗೆ ತಿಳಿಸಿ ಹೇಳಲು ನನ್ನ ವೃತ್ತಿಯ ಕಾಲದ ಒಂದು ಘಟನೆಯನ್ನು ಹೇಳಿದೆ.

ಬೆಂಟೊನೈಟ್ ಎಂಬ ನುಣುಪು ಜೇಡಿಯನ್ನು ನೀರಿನಲ್ಲಿ ಕದಡಿ ಗಾಜಿನ ಜಾಡಿಯಲ್ಲಿ ಇಟ್ಟರೆ ಅದು ಹೆಪ್ಪುಗಟ್ಟುತ್ತದೆ. ಜಾಡಿಯನ್ನು ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ಪ್ರತಿ ತರಗತಿಗೂ ನಾನು ಇದನ್ನು ತೋರಿಸುತ್ತಿದ್ದೆ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರಿಗೂ ತೋರಿಸಿದೆ. ಅವರು ನೋಡಿದರು, ನಂಬಲಿಲ್ಲ. ಅಂಟು ಹಾಕಿದ್ದೀರಿ ಎಂದರು. ಪರೀಕ್ಷಿಸಬಹುದು ಎಂದು ಜಾಡಿಯನ್ನು ಅವರ ಕೈಗೆ ಕೊಟ್ಟೆ.

ಅವರು ಅದನ್ನು ನೆಟ್ಟಗೆ ಮಾಡಿ, ಕಿವಿಯ ಬಳಿ ಹಿಡಿದು ಅಲುಗಿಸಿದರು. ಸದ್ದು ಬರಲಿಲ್ಲ. ಇನ್ನೂ ಬಲವಾಗಿ ಅಲುಗಿಸಿದರು. ನಾನು ಬೇಡವೆನ್ನುವ ಮೊದಲೇ, ಅಂಟು ಖಚಿತವೆಂಬ ವಿಶ್ವಾಸದಲ್ಲಿ, ತಮ್ಮ ಬೂಟುಗಳ ನೇರಕ್ಕೆ ಜಾಡಿಯನ್ನು ಬೋರಲು ಮಾಡಿದರು. ಜಾಡಿ ಪೂರ್ತಿಯಾಗಿ ಬರಿದಾಯಿತು.

ಒದ್ದೆ ಬಟ್ಟೆ ಕೊಟ್ಟು, ತಮ್ಮ ಊರು ಯಾವುದೆಂದು ಕೇಳಿದೆ. ಹುಳಿಯಾರು ಎಂದರು, ಅದೂ ನಮ್ಮಂತೆಯೇ ಕೊಬ್ಬರಿಯ ಊರು. ಬೇರೆ ವಿವರಣೆ ನನಗೆ ಬೇಕಾಗಲಿಲ್ಲ.

ಯಜಮಾನರು ಗಂಭೀರವಾಗಿ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ ಹಾಕಿದರು: "ಬೋರಲು ಹಾಕಿದ್ದು ಬುಡಿ, ಅಲ್ಲಾಡಿಸಿದಾಗ ಕೊನೆಗಾದ್ರೂ ಸದ್ದು ಬಂತಾ?"

ಇಳಿಜಾರಿನ ಟೈಲು

ಬಾಣಂತಿಗೆ ಬಿಸಿನೀರು ಹಾಕುವ ಮೂಲೆಯ ಗೋಡೆಗೆ ಟೈಲು ಹಾಕುವುದು ಮುಂದಿನ ಕೆಲಸ. ಟೈಲಿನ ಗಾರೆಯಲ್ಲೂ ಇದೇ ಗುಣವಿದೆ. ಟೈಲನ್ನು ಒತ್ತಿ, ಕೈ ತೆಗೆದು, ಬಿಟ್ಟುಬಿಡಬೇಕು. ಗಾರೆ ತಾನೇ ಬಿಗಿಯುತ್ತದೆ. ಯಜಮಾನರು ಒಂದು ಸಾಲನ್ನು ಆಶ್ಚರ್ಯವಾಗುವಷ್ಟು ನೇರವಾಗಿ ಹಾಕಿದರು. ನಾನು ಮೆಚ್ಚುಗೆ ಸೂಚಿಸಿ ಮನೆಗೆ ಬಂದೆ.

ಅಲ್ಲಿಂದಾಚೆಗೆ ಅವರು ಕಾಫಿ ಕುಡಿಯುವಾಗ ಒಮ್ಮೆ, ಪತ್ರಿಕೆ ಓದುವ ನಡುವೆ ಒಮ್ಮೆ ಹೋಗಿ, ಹಿಡಿದಿದೆಯೇ ಎಂದು ಒಂದೊಂದೇ ಟೈಲನ್ನು ಅಲುಗಿಸಿ ನೋಡಿದ್ದಾರೆ. ಹಿಡಿಯುತ್ತಿದ್ದ ಗಾರೆ ಪ್ರತಿ ಬಾರಿಯೂ ಸಡಿಲಿ, ಟೈಲು ಕೂದಲೆಳೆಯಷ್ಟು ಕೆಳಗೆ ಸರಿದಿದೆ. ಮಧ್ಯಾಹ್ನ ನಾನು ನೋಡಿದಾಗ ಇಡೀ ಸಾಲು, ಶಾಲೆ ಬಿಟ್ಟ ಮಕ್ಕಳಂತೆ, ಬಾಗಿಲಿನ ಕಡೆಗೆ ಇಳಿಯುತ್ತಿತ್ತು.

ಸಾಲನ್ನು ಸರಿಪಡಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲು ಆಜ್ಞಾಪಿಸಿದೆ. ಕಟ್ಟಿಕೊಂಡರು. ನಾನು ತಿರುಗಿದ ಕೂಡಲೇ ಮೊಣಕೈಯಿಂದ ಒತ್ತಿ ನೋಡಿದರು. ಪತ್ನಿ ಇದನ್ನು ಹೊಸ್ತಿಲಿನಿಂದ ಕಂಡರು.

"ಗಾರೆ ಮಿಕ್ಕಿದ್ರೆ ಕೊಡಿ ಮೇಡಂ, ಮೊದ್ಲು ಇವ್ರನ್ನ ಒಂದು ಕಡೆ ಅಂಟಿಸ್ತೀನಿ" ಎಂದರು.

ಕೆರೆಯ ಗೋಡು

ಕೊನೆಗೂ ತಮ್ಮ ತುರುವೇಕೆರೆಯಿಂದ ಬಂದ. ಬಿಳಿಯ ಪ್ಯಾಂಟು, ಹೊಸ ಬೂಟು. ನಡುಮನೆಯಲ್ಲಿ ನಿಂತು ಸೂರಿನ ಕಲೆಗಳನ್ನು ನೋಡಿದ, ಟೈಲಿನ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡಿದ. ಯಜಮಾನರ ಮುಖ ಬಾಡಿತು. ನಾಮಕರಣದ ದಿನ ಮಗುವಿನ ಹೆಸರಿನಲ್ಲಿ ತೆಂಗಿನ ಸಸಿ ನೆಡುವ ಯೋಚನೆಯಿತ್ತು. ಅದರ ಗುಂಡಿಗೆ ಬೇಕಾದ ಕೆರೆಯ ಗೋಡನ್ನು, ಅಂದರೆ ಕೆರೆಯಂಗಳದ ಹೂಳುಮಣ್ಣನ್ನು, ತಾನೇ ಆರಿಸುವುದಾಗಿ ತಮ್ಮ ಹೇಳಿದ. ಭಾವನ ಆಯ್ಕೆಯ ಮೇಲೆ ಅವನಿಗೆ ಭರವಸೆ ಇರಲಿಲ್ಲ.

ಅವರಿಬ್ಬರೂ ಮುಂದೆ ಹೋದರು. ನಾನು ನಿಧಾನವಾಗಿ ಕೆರೆಯ ಏರಿ ಹತ್ತಿದೆ. ಮುಂದಿನದನ್ನು ಏರಿಯ ಮೇಲಿಂದಲೇ ಕಂಡೆ. ಮೇಲ್ಪದರ ಒಣಗಿ ಬಿರುಕುಬಿಟ್ಟಿತ್ತು. ತಮ್ಮ ಅದರ ಮೇಲೆ ನಿಂತು, ಗಟ್ಟಿಯಿದೆಯೇ ಎಂದು ಬೂಟಿನಿಂದ ಗುದ್ದಿ ನೋಡಿದ. ಗಟ್ಟಿಯಿತ್ತು. ತೃಪ್ತಿಯಾಗದೆ ಎರಡೂ ಕಾಲಿನಲ್ಲಿ ಕುಪ್ಪಳಿಸಿದ. ಒಳಗಿನ ಹಸಿ ಗೋಡು ಸಡಿಲಿತು. ಮೊಣಕಾಲಿನವರೆಗೆ ಇಳಿದ.

ನನ್ನ ಪಾಠ ಫಲ ಕೊಟ್ಟದ್ದು ಆ ಕ್ಷಣದಲ್ಲಿ. ದಡದಲ್ಲಿದ್ದ ಯಜಮಾನರು ಅತ್ಯಂತ ಅಧಿಕಾರವಾಣಿಯಿಂದ ಹೇಳಿದರು: "ಅಲ್ಲಾಡಬ್ಯಾಡ ಕಣ್ಲಾ. ಮೇಡಂ ಹೇಳವ್ರೆ. ಯಾವ್ದನ್ನೂ ಅಲ್ಲಾಡಿಸಂಗಿಲ್ಲ."

ತಮ್ಮ ವಿಧೇಯನಾಗಿ ಕಂಬದಂತೆ ನಿಂತ. ನಾನು ಏರಿ ಇಳಿದು ಸಮೀಪಿಸುವ ವೇಳೆಗೆ ಗೋಡು ಅವನ ಸುತ್ತ ಅಚ್ಚುಕಟ್ಟಾಗಿ ಹೆಪ್ಪುಗಟ್ಟಿತ್ತು.

ಒಣ ತೆಂಗಿನ ಗರಿಗಳನ್ನು ಹಾಸಿ, ಅವುಗಳ ಮೇಲೆ ಒರಗಿಕೊಳ್ಳಲು ಹೇಳಿದೆ. ಒಂದೇ ಕಾಲನ್ನು ಸಣ್ಣಗೆ, ಎಡೆಬಿಡದೆ ಅಲುಗಿಸುತ್ತ ಮೇಲಕ್ಕೆ ಎಳೆದುಕೊಳ್ಳಬೇಕು. ನಿಂತರೆ ಮೊದಲಿನಿಂದ ಆರಂಭಿಸಬೇಕು. ಕಾಲು ಏಳತೊಡಗಿತು. ಆಗ ಅವನ ಜೇಬಿನ ಫೋನು ರಿಂಗಾಯಿತು. ಅಕ್ಕ. ಕೈಗೆ ಕೆಸರಾಗಿದ್ದುದರಿಂದ ಸ್ಪೀಕರಿಗೆ ಹಾಕಿ ಗರಿಯ ಮೇಲೆ ಇಟ್ಟ. ಒಪ್ಪಂದದಂತೆ, ಮನೆ ಹೇಗಿದೆ ಎಂದು ಆಕೆ ವರದಿ ಕೇಳಿದರು.

ಸೂರಿನ ಕಲೆಗಳನ್ನು ಅವನು ವರ್ಣಿಸತೊಡಗಿದ. ವರ್ಣಿಸುವಾಗ ಕಾಲು ನಿಂತಿತು, ಗೋಡು ಹಿಡಿಯಿತು. ಮತ್ತೆ ಆರಂಭ. ಟೈಲಿನ ಸಾಲು ಸೊಟ್ಟಗಿದೆ ಎಂದು ಹೇಳಲು ಮತ್ತೆ ನಿಂತ, ಮತ್ತೆ ಹಿಡಿಯಿತು. ಕಾಲಾಡಿಸುತ್ತಲೇ ಮಾತನಾಡಿ ಎಂದು ನಾನು ಗದರಿದೆ. ಎರಡನ್ನೂ ಒಟ್ಟಿಗೆ ಮಾಡುವುದು ಅವನಿಂದ ಆಗಲಿಲ್ಲ. ಯಜಮಾನರು ಅವನ ಕೈ ಹಿಡಿದು ಎಳೆಯುತ್ತಿದ್ದವರು, ಎಳೆಯುವುದನ್ನು ನಿಲ್ಲಿಸಿ ವಿನಯದಿಂದ ಹೇಳಿದರು:

"ನಿಧಾನವಾಗೇ ಹೇಳಪ್ಪ. ಇನ್ನೂ ಏನೇನು ಕೆಟ್ಟದಾಗೈತೆ ಎಲ್ಲಾ ಹೇಳು. ನಂಗೇನೂ ಅವಸರ ಇಲ್ಲ."

ತಮ್ಮ ಒಂದು ಕ್ಷಣ ಭಾವನ ಮುಖ ನೋಡಿದ. ಬಿಸಿಲೂ ಏರುತ್ತಿತ್ತು. "ಮನೆ ಚೆನ್ನಾಗೈತೆ ಕಣಕ್ಕ" ಎಂದ. ಯಜಮಾನರು ಕೂಡಲೇ ಎಳೆದರು. ಬೂಟನ್ನು ಕೆರೆಗೆ ಬಿಟ್ಟು ಕಾಲು ಹೊರಬಂತು, ಇನ್ನೊಂದೂ ಹಾಗೆಯೇ.

ಅಕ್ಕನಿಗೆ ಈ ಹೊಗಳಿಕೆಯಲ್ಲಿ ಅನುಮಾನ ಬಂತು. ನಡೆದದ್ದೇನೆಂದು ಆಕೆ ನನ್ನನ್ನು ಕೇಳಿದರು. ಕುಪ್ಪಳಿಸಿದ್ದು, ಕಂಬದಂತೆ ನಿಂತದ್ದು, ಭಾವ ಎಳೆಯುವುದನ್ನು ನಿಲ್ಲಿಸಿದ್ದು, ಎಲ್ಲವನ್ನೂ ಕ್ರಮವಾಗಿ ತಿಳಿಸಿದೆ. ಇಬ್ಬರು ಗಂಡಸರೂ ಕೆಸರಿನಲ್ಲಿ ಕುಳಿತು, ಗರಿಯ ಮೇಲಿನ ಫೋನನ್ನೇ ನೋಡುತ್ತಿದ್ದರು. ಕೊನೆಗೆ ಆಕೆ ಸ್ಪಷ್ಟವಾಗಿ ಹೇಳಿದರು:

"ನಾಮಕರಣ ನಮ್ಮನೇಲೇ. ಇಲ್ಲೇ ಆದ್ರೆ ಪಕ್ಕದಲ್ಲಿ ಮೇಡಂ ಇರ್ತಾರೆ. ಆದ್ರೆ ಮಗು ಮಲಗೈತಾ ಇಲ್ವಾ ಅಂತ ನೋಡಕ್ಕೆ ನೀವಿಬ್ರೂ ತೊಟ್ಟಿಲು ಅಲ್ಲಾಡಿಸಂಗಿಲ್ಲ."