ನಾಲ್ಕು ಮಹಡಿಯ ಇಂಡೆಕ್ಸ್

ಡೇಟಾಬೇಸ್ ಕೆಲಸದಲ್ಲಿ ನಗುವುದಕ್ಕೆ ಏನಿದೆ ಅನ್ನುವವರು ಅರಬ್ ನಾಡಿನ ಸಿಲಿಕಾನ್ ಓಯಸಿಸ್‌ನಲ್ಲಿರುವ ನಮ್ಮ ಆಫೀಸಿಗೆ ಒಮ್ಮೆ ಬರಬೇಕು. ಇಲ್ಲಿ ನಗದೆ ಕೆಲಸ ಮಾಡುವುದು ಎಸಿ ಒಂದೇ.

ನೀರಿನ ಚಿಂತೆ

ನಾವಿರುವ ಅಲ್ ನಹ್ದಾ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲಾಟಿನವರು ಉಡುಪಿಯ ಅಕ್ಕ. ನನ್ನ ಕೆಲಸ ಏನೆಂದು ಒಮ್ಮೆ ಕೇಳಿದರು.

"ರಾಶಿ ದಾಖಲೆಗಳಲ್ಲಿ ಬೇಕಾದ್ದನ್ನು ಬೇಗ ಹುಡುಕಲು ಇಂಡೆಕ್ಸ್ ಅಂತ ಇರುತ್ತೆ ಅಕ್ಕಾ. ಅದೊಂದು ಮರ. ಬೇರು ಮೇಲೆ, ಎಲೆ ಕೆಳಗೆ."

ಅಕ್ಕ ನನ್ನನ್ನೇ ಕನಿಕರದಿಂದ ನೋಡಿದರು. "ಅದಕ್ಕೆ ನೀರು ಎಲ್ಲಿಗೆ ಹಾಕುದು ಮಾರಾಯ್ರೆ?"

ಬೇರಿನ ಪುಟ

ಒಂದು ದಿನ ನಮ್ಮ ದೊಡ್ಡ ಇಂಡೆಕ್ಸಿನ ಎತ್ತರ ಮೂರು ಹಂತದಿಂದ ನಾಲ್ಕಕ್ಕೆ ಏರಿತು. ಮೈಸೂರಿನವರಾದ ನಮ್ಮ ಮ್ಯಾನೇಜರ್, ಇನ್ನು ಹುಡುಕಾಟ ನಿಧಾನವಾಗುತ್ತದೆಂದು ಗಾಬರಿಬಿದ್ದರು.

"ಅದು ಇಳಿಯೋವರೆಗೂ ನಿಮಗೆ ರಜೆ ಇಲ್ಲ ಕಣ್ರೀ!"

ಮುಂದಿನ ವಾರ ದಾವಣಗೆರೆಯಲ್ಲಿ ನನ್ನ ತಂಗಿಯ ಮದುವೆ. ಆದರೂ ಸಮಾಧಾನದಿಂದ ವಿವರಿಸಿದೆ: "ಗಾಬರಿ ಬೇಡ ಸರ್. ಬೇರಿನ ಪುಟ ತುಂಬಿದಾಗ ಅದು ಕೂತ ಜಾಗ ಬಿಡಲ್ಲ. ತನ್ನಲ್ಲಿದ್ದದ್ದನ್ನೆಲ್ಲ ಕೆಳಗೆ ಹೊಸ ಹಂತದ ಎರಡು ಪುಟಗಳಿಗೆ ದಾಟಿಸಿ, ಯಾವುದು ಯಾರ ಹತ್ತಿರ ಇದೆ ಅಂತ ಮಾತ್ರ ನೆನಪಿಟ್ಟುಕೊಳ್ಳುತ್ತೆ."

ಪಕ್ಕದಲ್ಲಿದ್ದ ಸಹೋದ್ಯೋಗಿ ನನ್ನ ಕಿವಿಯಲ್ಲಿ, "ಈ ಬೇರನ್ನ ಇವರನ್ನೇ ನೋಡಿ ಮಾಡಿದ್ದಾರೆ" ಅಂದಳು.

"ಒಳ್ಳೇ ಪದ್ಧತಿ," ಅಂದರು ಮ್ಯಾನೇಜರ್, "ಆದ್ರೂ ಇಳಿಸಿ."

ಖಾಲಿ ಮನೆ

ಹಳೆಯ ದಾಖಲೆಗಳನ್ನೆಲ್ಲ ಅವರೇ ಅಳಿಸಿಸಿದರು. ಎತ್ತರ ನಾಲ್ಕೇ!

"ಸರ್, ಬಾಡಿಗೆದಾರರು ಖಾಲಿ ಮಾಡಿದ ಮಾತ್ರಕ್ಕೆ ಕಟ್ಟಡ ಗಿಡ್ಡ ಆಗುತ್ತಾ?"

"ಬಾಡಿಗೆನಾದ್ರೂ ಇಳೀಬೇಕಲ್ರೀ?"

"ಬಾಡಿಗೆ ಇಳಿಯೋಕೆ ಯಾವ ಊರಲ್ಲಿದ್ದೀವಿ ಸರ್?" ಅಂದೆ. ಅವರೂ ಬಾಡಿಗೆ ಮನೆಯವರೇ.

ಎತ್ತರದ ಮರ್ಯಾದೆ

ಕೊನೆಗೆ ಇಂಡೆಕ್ಸನ್ನು ಹೊಸದಾಗಿ ಕಟ್ಟಿದೆ. ಮೂರಕ್ಕಿಳಿಯಿತು, ರಜೆಯೂ ಸಿಕ್ಕಿತು. ಖುಷಿಯಲ್ಲಿ ಟಿಕೆಟ್ ಮಾಡಿಸಿದೆ.

ಮರುದಿನ ಅಬುಧಾಬಿಯ ಗ್ರಾಹಕರ ಮುಂದೆ ಮ್ಯಾನೇಜರ್ ಹೆಮ್ಮೆಯಿಂದ, "ಎತ್ತರ ನಾಲ್ಕಿತ್ತು, ಮೂರು ಮಾಡಿದೆವು" ಎಂದರು.

ಹಿರಿಯ ಗ್ರಾಹಕರು ಕಾಫಿ ಕೆಳಗಿಟ್ಟರು. "ಮುಗಿಲೆತ್ತರ ಕಟ್ಟುವ ಈ ದೇಶದಲ್ಲಿ ಎತ್ತರ ಕಡಿಮೆ ಮಾಡಿ ಸಂಭ್ರಮಪಟ್ಟವರನ್ನು ಇವತ್ತೇ ನೋಡಿದ್ದು."

ಎಲ್ಲರೂ ನಕ್ಕರು, ಮ್ಯಾನೇಜರ್ ಬಿಟ್ಟು. ಹೊರಗೆ ಬಂದವರೇ ನನ್ನನ್ನು ಹಿಡಿದರು. "ಮತ್ತೆ ನಾಲ್ಕು ಮಾಡಿ!"

ನನ್ನ ಟಿಕೆಟ್ ಕಣ್ಮುಂದೆ ಹಾರಿಹೋಯಿತು. "ಅದು ಮಾಡೋದಲ್ಲ ಸರ್. ದಾಖಲೆ ತುಂಬಿದ ಹಾಗೆ ತಾನಾಗೇ ಬೆಳೆಯುತ್ತೆ. ನಾನು ಕೈ ಹಾಕಿದ್ರೆ ಮಾತ್ರ ಇಳಿಯುತ್ತೆ."

ಮ್ಯಾನೇಜರ್ ಗಂಭೀರವಾಗಿ ಯೋಚಿಸಿದರು. "ಹಾಗಾದ್ರೆ ರಜೆ ಇನ್ನೊಂದು ವಾರ ಜಾಸ್ತಿ ತಗೊಳ್ಳಿ. ಲ್ಯಾಪ್‌ಟಾಪ್ ಇಲ್ಲೇ ಬಿಟ್ಟು ಹೋಗಿ!"