ಮೊದಲು ಕೈ ಒರೆಸಿಕೊಳ್ಳಿ

ಬೆಳಿಗ್ಗೆ ಸಾಹೇಬರ ಮೆಸೇಜನ್ನು ಪುಂಡರೀಕಾಕ್ಷ ಎರಡೆರಡು ಸಲ ಓದಿದ: 'ಕೈಪಿಡಿ ಬರೆಯಲು ಇನ್ನು ಒಬ್ಬರೇ ಸಾಕು. ಇವತ್ತು ನಿಮ್ಮದಕ್ಕೂ ಚಿನ್ಮಯನದಕ್ಕೂ ಪರೀಕ್ಷೆ.'

ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಅವನ ಕಂಪನಿ ಕರ್ನಾಟಕಕ್ಕೆ ಗ್ರೈಂಡರ್ ಕಳಿಸುತ್ತಿತ್ತು. ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆಯುವವರು ಇಬ್ಬರು. ಚಿನ್ಮಯ್ ಎಂಜಿನಿಯರ್, ಪುಂಡರೀಕಾಕ್ಷ ಇತಿಹಾಸದಲ್ಲಿ ಎಂ.ಎ. ಕೈಪಿಡಿ ಓದಿಯೂ ಅರ್ಥವಾಗದ ಗಿರಾಕಿಗಳು ಫೋನ್ ಮಾಡಿದರೆ ಸಮಾಧಾನ ಹೇಳುವವಳು ಪುಂಡರೀಕಾಕ್ಷನ ಹೆಂಡತಿ ಸತ್ಯಭಾಮಾ, ಅದೇ ಕಟ್ಟಡದ ಕೆಳಮಹಡಿಯಲ್ಲಿ.

ಡೊಂಬಿವಲಿ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಪಕ್ಕದ ಮನೆಯ ದೇವದಾಸರು ಅವನ ಭುಜಕ್ಕೆ ಗಲ್ಲ ಊರಿಕೊಂಡೇ ಸುದ್ದಿ ಕೇಳಿದರು.

"ಎಂತ ಮಾರಾಯ್ರೆ, ಅಶೋಕ ಮರ ನೆಡಿಸಿದ್ದು ಓದಿದವರು ಮಿಶಿನಿನ ಬಗ್ಗೆ ಬರೆಯುದಾ? ನನ್ನ ಭಾವನ ಹೋಟ್ಲಲ್ಲಿ ಕ್ಯಾಶಿಗೆ ಜನ ಬೇಕಂತೆ. ಈಗಲೇ ಫೋನ್ ಮಾಡುವನಾ?"

ಠಾಣೆ ಬರುವಷ್ಟರಲ್ಲಿ ಮಾಡಿಯೂ ಆಗಿತ್ತು. ಇಡೀ ಡಬ್ಬಿ ಅವನನ್ನು ಕನಿಕರದಿಂದ ನೋಡಿತು.

ಆಫೀಸಿನಲ್ಲಿ ಪರೀಕ್ಷಕರು ಆಗಲೇ ಬಂದು ಕೂತಿದ್ದರು. ಮೊನ್ನೆಯಷ್ಟೇ ಬಂದ ಹೊಸ ಸಾಹೇಬ ಸಿದ್ರಾಮರ ತಾಯಿ ಮರಗಮ್ಮ, ಕಲ್ಯಾಣದ ಮನೆಯಿಂದ ನೆನೆಸಿದ ಅಕ್ಕಿಯನ್ನೇ ಹೊತ್ತು ತಂದು ತೊಳೆಯುತ್ತಿದ್ದರು.

"ಯಾರೂ ತುಟಿ ಬಿಚ್ಚಬಾರದು. ಪುಸ್ತಕ ಓದಿ ಅವ್ವನೇ ಮಿಶಿನ್ ನಡಸ್ಬೇಕು," ಎಂದರು ಸಾಹೇಬರು.

ಚಿನ್ಮಯನ ಪುಸ್ತಕ 'ಪರಿಭ್ರಮಣ ವೇಗ'ದಿಂದ ಶುರುವಾಗಿತ್ತು. ಮರಗಮ್ಮ ಅದರಿಂದ ಸ್ವಲ್ಪ ಹೊತ್ತು ಗಾಳಿ ಹಾಕಿಕೊಂಡು ಬದಿಗಿಟ್ಟರು.

ಪುಂಡರೀಕಾಕ್ಷನದರ ಮೊದಲ ಸಾಲು: 'ಮೊದಲು ಕೈ ಒರೆಸಿಕೊಳ್ಳಿ.' ಮುದುಕಿ ತಮ್ಮ ಒದ್ದೆ ಕೈ ನೋಡಿಕೊಂಡರು.

"ಇಂವಗ ಹೆಂಗ ಗೊತ್ತಾತು?" ಎಂದು ಸೆರಗಿಗೆ ಒರೆಸಿದರು. ರಾಜರ ಚರಿತ್ರೆ ಓದುವಾಗ ಅವರಿಗೆ ಅಡುಗೆ ಮಾಡಿಹಾಕಿದವರು ಯಾರೆಂದು ಹುಡುಕುವ ಚಟ ಪುಂಡರೀಕಾಕ್ಷನಿಗೆ ಕಾಲೇಜಿನಿಂದಲೇ ಹತ್ತಿತ್ತು.

ಮರಗಮ್ಮ ಅಕ್ಕಿ ಹಾಕಿ ಗುಂಡಿ ಒತ್ತಿದರು. ಮಿಶಿನ್ ಕಮಕ್ ಕಿಮಕ್ ಎನ್ನಲಿಲ್ಲ. ಪುಂಡರೀಕಾಕ್ಷನ ಕಣ್ಣೆದುರು ಹೋಟೆಲಿನ ಗಲ್ಲಾಪೆಟ್ಟಿಗೆ ತೇಲಿತು. ಮರಗಮ್ಮ ಪುಟ ತಿರುವಿ ಜೋರಾಗಿ ಓದಿದರು: "'ತಿರುಗದಿದ್ದರೆ ಬೈಯಬೇಡಿ. ಮುಚ್ಚಳ ಒತ್ತಿ ಕೂರಿಸಿ.'" ಒತ್ತಿದರು. ಗ್ರೈಂಡರ್ ಗುರ್ರೆಂದಿತು.

"ಭೇಷ್!" ಸಾಹೇಬರು ಅವನ ಬೆನ್ನು ತಟ್ಟಿದರು. "ನಿಮ್ಮ ನೌಕರಿ ಪಕ್ಕಾ. ಇಂಥಾ ಪುಸ್ತಕ ಇದ್ರ ಯಾರೂ ಫೋನೇ ಮಾಡೂದಿಲ್ಲ. ಕೆಳಗಿನ ಫೋನ್ ವಿಭಾಗ ನಾಳೆಯಿಂದ ಬಂದ್!"

ಪುಂಡರೀಕಾಕ್ಷನ ನಗು ಅರ್ಧಕ್ಕೇ ನಿಂತಿತು. "ಸರ್, ಅಲ್ಲಿ ನನ್ನ..."

"ಗೊತ್ತದ ಬಿಡ್ರಿ, ಅಲ್ಲಿ ಕೂತಾಕಿ ಭಾಳ ಜೋರಂತ. ಅಕಿಗೆ ಹೇಳೂ ಧೈರ್ಯ ನನಗಿಲ್ಲ. ನೋಟೀಸ್ ನೀವ ಬರೀರಿ. ನಮ್ಮವ್ವಗ ತಿಳಿಯೂ ಹಂಗ ಬರದವ್ರಿಗೆ ಇದೇನು ಮಹಾ?"

ಪುಂಡರೀಕಾಕ್ಷ ಬೆವರುವ ಕೈ ಒರೆಸಿಕೊಂಡು ಕಾಗದ ಎಳೆದುಕೊಂಡ. ಬಹಳ ಹೊತ್ತಿನ ಮೇಲೆ ಮೊದಲ ಸಾಲು ಬಂತು:

'ಸತ್ಯಭಾಮಾ, ದಯವಿಟ್ಟು ಬೈಯಬೇಡ.'