ಊಟಕ್ಕೆ ಕೂತ ಕಿಲ್ಲೇದಾರ

ರೂಪಾ: ನಮ್ಮಪ್ಪನ್ನ ಯಾಕ ಕೊಂದ್ರಿ?

ಗಾಳೇಶ: ನಿಮ್ಮಪ್ಪ ಅಲ್ಲ ಅಂವ. ಕಿಲ್ಲೇದಾರ.

ರೂಪಾ: ಹೆಗಲ ಮ್ಯಾಲೆ ಟವಲ್ ಹಾಕ್ಕೊಂಡ ಕಿಲ್ಲೇದಾರನ್ನ ಎಲ್ಲಿ ನೋಡೀರಿ?

ಗಂಡ ಹೆಂಡತಿ ಕಂಪ್ಯೂಟರ್ ಮುಂದೆ ಕೂತಿದ್ದರು. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿರುವ ಗಾಳೇಶ, ರಜೆಯ ದಿನ ಯುದ್ಧದ ಗೇಮಿಗೆ ತನ್ನದೇ ಕಥೆ, ಕೋಟೆ, ಪಾತ್ರಗಳನ್ನು ಕಟ್ಟಿ ಗೆಳೆಯರಿಗೆ ಆಡಲು ಕಳಿಸುತ್ತಾನೆ. ಹಿಂದಿನ ಕಥೆಯನ್ನು ಅವರು ಅರ್ಧಕ್ಕೇ ಬಿಟ್ಟಿದ್ದರು. ಅದರಲ್ಲಿ ಒಬ್ಬನೂ ತಪ್ಪು ಮಾಡುವುದಿಲ್ಲ, ಇಂಥ ಮಂದಿಯನ್ನು ಕೊಪ್ಪಳದ ಸುತ್ತ ಎಲ್ಲೂ ಕಂಡಿಲ್ಲ, ಇನ್ನೊಮ್ಮೆ ಹೀಗಾದರೆ ನಿನ್ನ ಗೇಮ್ ತೆರೆದೂ ನೋಡುವುದಿಲ್ಲ ಎಂದಿದ್ದರು.

ಅದಕ್ಕೇ ಈ ಸಲ ರಾಜನ ಕೋಟೆ ಕಾಯುವ ಕಿಲ್ಲೇದಾರನಿಗೆ ಒಂದು ದೋಷ ಕೊಟ್ಟಿದ್ದ. ಯಾರು ಊಟಕ್ಕೆ ಕರೆದರೂ ಇಲ್ಲವೆನ್ನಲಾರ. ವೈರಿಗಳು ಕೋಟೆಯಾಚೆ ತಾಟು ಹಾಕಿ ಕರೆಯುತ್ತಾರೆ. ಒಂದ ರೊಟ್ಟಿ ಸಾಕು ಎನ್ನುತ್ತ ಈತ ಹೋಗಿ ಕೂರುತ್ತಾನೆ. ಹಿಂದೆ ಕೋಟೆಯ ಬಾಗಿಲು ತೆರೆದೇ ಇರುತ್ತದೆ; ಕೋಟೆಯೂ ಹೋಗುತ್ತದೆ, ಇವನ ಜೀವವೂ ಹೋಗುತ್ತದೆ.

ರೂಪಾ: ಒಂದ ರೊಟ್ಟಿ ಸಾಕು ಅಂತ ನಾಕು ಉಣ್ಣವ್ರು ಈ ಜಿಲ್ಲಾದಾಗ ಒಬ್ರ ಅದಾರ. ಇವತ್ತ ಬರಾಕತ್ಯಾರ. ತಗೀರಿ ಅದನ್ನ.

ಗಾಳೇಶ ಬೇರೆ ದೋಷ ಹುಡುಕಿದ. ಕಿಲ್ಲೇದಾರನಿಗೆ ಇಸ್ಪೀಟಿನ ಹುಚ್ಚು ಎಂದ. ಅದು ತನ್ನ ಅಣ್ಣ ಎಂದಳು ರೂಪಾ. ಯಾರ ಮಾತನ್ನೂ ಮುಗಿಯಗೊಡದವ ಎಂದ. ಅದು ಅವ್ವ. ಕೊಟ್ಟ ಉಡುಗೊರೆ ತಿರುಗಿ ಕೇಳುವವ ಎಂದಾಗ ಕುಕನೂರಿನ ಕಾಕಾನ ಹೆಸರು ಬಂತು.

ರೂಪಾ: ದೋಷ ಎಲ್ಲಾ ನಮ್ಮ ತವರಮನಿಗೇ ಬಂತಲ್ರಿ. ಈ ರಾಜಗ ಏನೂ ಇಲ್ಲೇನು?

ಗಾಳೇಶ: ಭಾಳ ಹುಡುಕಿದೆ. ಸಿಗಲಿಲ್ಲ.

ರೂಪಾ: ಮೂಗು ಮಾತ್ರ ನಿಮ್ಮಂಗ ಐತಿ.

ಅಷ್ಟರಲ್ಲಿ ಕನಕಗಿರಿಯಿಂದ ಅವಳ ಅಪ್ಪ ಮುದುಕಪ್ಪ ಬಂದೇಬಿಟ್ಟರು. ಟವಲಿನಿಂದ ಮುಖ ಒರೆಸಿಕೊಂಡು ಅಳಿಯನ ಪಕ್ಕ ಕುರ್ಚಿ ಎಳೆದು ಕೂತರು. ರೂಪಾ ನೀರು ಕೊಟ್ಟು ರೊಟ್ಟಿ ಬಡಿಯಲು ಒಳಗೆ ಹೋದಳು. ಪರದೆ ಮರೆಮಾಡಲು ಗಾಳೇಶನಿಗೆ ಸಮಯ ಸಿಗಲಿಲ್ಲ. ವಿಧಿಯಿಲ್ಲದೆ ವಿವರಿಸತೊಡಗಿದ, ಆಮೇಲೆ ಹುರುಪು ಬಂದು ಸೈನ್ಯ, ಬುರುಜು, ಆನೆ ಎಲ್ಲವನ್ನೂ ತೋರಿಸಿದ. ರೊಟ್ಟಿ ಬಡಿಯುವ ಸಪ್ಪಳ ನಿಂತು ಬಹಳ ಹೊತ್ತಾಗಿತ್ತು. ರೂಪಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮುದುಕಪ್ಪ ಕಿಲ್ಲೇದಾರ ಸಾಯುವುದನ್ನು ಇನ್ನೊಮ್ಮೆ ತೋರಿಸಲು ಹೇಳಿ, ಅದನ್ನೂ ನೋಡಿದರು.

ಮುದುಕಪ್ಪ: ಊಟಕ್ಕ ಕರದ್ರು, ಹೋದ. ಇದರಾಗ ಅವನ ತಪ್ಪೇನೈತಿ?

ಗಾಳೇಶ: ಕರದವ್ರು ವೈರಿಗಳ್ರಿ, ಮಾವಾರ.

ಮುದುಕಪ್ಪ: ಅದನ್ನ ನಾ ಕೇಳೂದು. ವೈರಿಗಳಾದ್ರೂ ಕರದ್ರು. ನಿಮ್ಮ ರಾಜ ಒಂದಿನ ಉಂಡು ಹೋಗು ಅಂದಾನೇನು?

ಗಾಳೇಶ: ರಾಜಗ ಕೆಲಸ ಭಾಳ ಇರ್ತೈತ್ರಿ.

ಮುದುಕಪ್ಪ: ಇರ್ತೈತಿ. ಬಂದಾಗಿಂದ ನೋಡಾಕತ್ತೇನಲ್ಲ.

ಗಾಳೇಶ ಹೆಂಡತಿಯತ್ತ ನೋಡಿದ. ಅವಳು ಸೆರಗು ಬಾಯಿಗೆ ಹಿಡಿದಿದ್ದಳು.

ರೂಪಾ: ಸಿಕ್ತಲ್ರಿ ರಾಜನ ದೋಷ. ಹಾಕ್ರಿ ಅದನ್ನ.

ಗಾಳೇಶ ಹಾಕಿದ. ಕಿಲ್ಲೇದಾರನನ್ನು ಟವಲಿನ ಸಮೇತ ಹಾಗೇ ಉಳಿಸಿದ. ಆಮೇಲೆ ಎದ್ದು ನಿಂತು ಮಾವನನ್ನು ಊಟಕ್ಕೆ ಕರೆದ.

ಮುದುಕಪ್ಪ: ಒಂದ ರೊಟ್ಟಿ ಸಾಕವ್ವಾ.

ರೂಪಾ ತಾಟಿಗೆ ನಾಲ್ಕು ಇಟ್ಟಳು. ಮುದುಕಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದವರು, ತೆರೆದೇ ಇದ್ದ ತಲೆಬಾಗಿಲನ್ನು ನೋಡಿ ಕೈ ತಡೆದರು.

ಮುದುಕಪ್ಪ: ಅಳಿಯಂದ್ರ, ಮೊದಲ ಆ ಬಾಗ್ಲಾ ಹಾಕಿ ಬರ್ರಿ.